ಸರ್ಪಸುತ್ತು: ನಂಬಿಕೆ, ಅಳುಕು ಮತ್ತು ಲೆಕ್ಕಾಚಾರ

ಹಣೆಯ ಬಲಭಾಗದಲ್ಲಿ ಮೂರು ದಿನಗಳಿಂದ ಉರಿ, ಸೂಜಿ ಚುಚ್ಚಿದಂತಹ ನೋವು. ನಾಲ್ಕನೆಯ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ನೀರುಗುಳ್ಳೆಗಳ ಗೊಂಚಲು. 68 ವರ್ಷದ ಆ ಹಿರಿಯರಿಗೆ ಬಂದಿರುವುದು ಸರ್ಪಸುತ್ತು ಎಂದು ಮನೆಯವರು ಸರಿಯಾಗಿಯೇ ಗುರುತಿಸಿದರು. ಪಕ್ಕದ ಹಳ್ಳಿಯಲ್ಲಿ ಮಂತ್ರಿಸಿ ಕೆಮ್ಮಣ್ಣು ಹಚ್ಚುವವರಿದ್ದಾರೆ. ಆದರೆ ಭಾನುವಾರ ಮಾತ್ರ. ಅಂದು ಬುಧವಾರ. ಭಾನುವಾರದವರೆಗೆ ಕಾಯೋಣವೆಂದು ಮಗ ತೀರ್ಮಾನಿಸಿದ. ಆತನ ತಾಯಿ ಒಪ್ಪದೆ ಪತಿಯನ್ನು ಸಂಜೆಯೇ ನನ್ನಲ್ಲಿಗೆ ಕರೆತಂದರು. "ಇವರ ಮೂಗಿನ ತುದೀಲೂ ಒಂದು ಗುಳ್ಳೆ ಎದ್ದಿದೆ ಡಾಕ್ಟ್ರೇ. ಯಾಕೋ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ" ಎಂದರು.

ಮೂಗಿನ ತುದಿಯ ಆ ಗುಳ್ಳೆಯೇ ಮುಖ್ಯವಾದುದು. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವುದು ಒಂದೇ ನರದ ಕವಲು. ಅಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ರೋಗ ತಗಲುವ ಸಂಭವ ಹೆಚ್ಚು ಎಂಬುದನ್ನು 19ನೆಯ ಶತಮಾನದಲ್ಲೇ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ ಗಮನಿಸಿದ್ದರು. ಆ ತಾಯಿಗೆ ಇದೊಂದೂ ತಿಳಿದಿರಲಿಲ್ಲ. ನಲವತ್ತು ವರ್ಷಗಳಿಂದ ನೋಡುತ್ತಿದ್ದ ಮುಖದಲ್ಲಿ ಏನೋ ಸರಿಯಿಲ್ಲ ಎಂದು ಮಾತ್ರ ಗೊತ್ತಾಯಿತು. ಇಂತಹ ಅಳುಕನ್ನು ಹೆಂಗಸರ ಭಯವೆಂದು ತಳ್ಳಿಹಾಕುವವರು (ವೈದ್ಯರೂ ಇದರಲ್ಲಿ ಸೇರಿದ್ದಾರೆ) ಒಂದು ಮುಖ್ಯ ಸುಳಿವನ್ನೇ ಕಳೆದುಕೊಳ್ಳುತ್ತಾರೆ.

ಹಾಗೆಂದು ಮನಸ್ಸಿಗೆ ಹೊಳೆದದ್ದೆಲ್ಲ ನಿಜವೇ? ಪಕ್ಕೆಯಲ್ಲಿ ಉರಿ ಎಂದು ಬಂದ ಒಬ್ಬರನ್ನು ಕಂಡೊಡನೆ ನನಗೆ ಮೂತ್ರಪಿಂಡದ ಕಲ್ಲು ಎಂದೇ ಹೊಳೆದಿತ್ತು. ಎರಡು ದಿನ ಕಳೆದು ಗುಳ್ಳೆಗಳು ಎದ್ದಾಗ ನನ್ನ ತಪ್ಪು ತಿಳಿಯಿತು. ಅಳುಕು ಹುಟ್ಟಿದರೆ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯ ಬದಲಿಗೆ ಅದನ್ನೇ ನಂಬಿ ಕೂರಬಾರದು.

ಇನ್ನು ಹಾವಿನ ವಿಚಾರ. ಬಾಲ್ಯದಲ್ಲಿ ಸೀತಾಳೆ ಸಿಡುಬು ಬಂದು ಹೋದ ಮೇಲೆ ಅದರ ವೈರಸ್ ಬೆನ್ನುಹುರಿಯ ಬಳಿಯ ನರಗಂಟುಗಳಲ್ಲಿ ಸದ್ದಿಲ್ಲದೆ ಉಳಿಯುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಂದಿದಾಗ ಮತ್ತೆ ಎದ್ದು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ತಮ್ಮ ರೋಗಿಗಳ 16 ವರ್ಷಗಳ ದಾಖಲೆಯನ್ನು ಲೆಕ್ಕ ಹಾಕಿ 1965ರಲ್ಲಿ ಈ ಊಹೆಯನ್ನು ಮುಂದಿಟ್ಟರು. ಅದು ಮುಂದೆ ದೃಢಪಟ್ಟಿತು.

ಹಾವಿನ ತಲೆ ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ, ಮಂತ್ರಿಸಿದರೆ ಕೂಡುವುದಿಲ್ಲ ಎಂಬುದು ನಂಬಿಕೆ. ವಾಸ್ತವವೆಂದರೆ ಅವು ಸಾಮಾನ್ಯವಾಗಿ ಕೂಡುವುದೇ ಇಲ್ಲ. ಒಂದು ನರ ದೇಹದ ಒಂದೇ ಪಕ್ಕಕ್ಕೆ ಹರಡಿರುವುದರಿಂದ ಗುಳ್ಳೆಗಳ ಸಾಲು ನಡುಗೆರೆಯ ಬಳಿ ನಿಂತುಬಿಡುತ್ತದೆ. 2ರಿಂದ 4 ವಾರಗಳಲ್ಲಿ ಒಣಗಿ ಮಾಯುತ್ತದೆ ಕೂಡ. ಆದ್ದರಿಂದ ಕೆಮ್ಮಣ್ಣು ಹಚ್ಚುವವರು ಎಂದೂ ಸೋಲುವುದಿಲ್ಲ! ನೂರು ಜನರಿಗೆ ಗುಣವಾದದ್ದನ್ನು ಕಂಡ ಊರಿನವರು ನಂಬಿದರೆ ಅವರನ್ನು ದಡ್ಡರೆನ್ನಲಾಗದು. ಹಚ್ಚದೆಯೂ ಗುಣವಾದವರನ್ನು ಅವರು ಎಣಿಸಲಿಲ್ಲ, ಅಷ್ಟೇ. ಗುಳ್ಳೆ ಮಾಯ್ದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಬಟ್ಟೆ ತಾಗಿದರೂ ಉರಿಯುವ ನರನೋವಿನಿಂದ ನರಳುವವರೂ ಆ ಲೆಕ್ಕಕ್ಕೆ ಬರುವುದಿಲ್ಲ. ವಯಸ್ಸಾದವರಲ್ಲಿ ಈ ನೋವು ಹೆಚ್ಚು.

ಎಸೈಕ್ಲೋವಿರ್, ವ್ಯಾಲಸೈಕ್ಲೋವಿರ್‌ನಂತಹ ವೈರಸ್ ನಿರೋಧಕ ಔಷಧಿಗಳನ್ನು ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಭಾನುವಾರಕ್ಕೆ ಕಾದಿದ್ದರೆ ಆ ಅವಧಿ ಮೀರಿರುತ್ತಿತ್ತು. (ಮೀರಿದ್ದರೂ ವೈದ್ಯರನ್ನು ಕಾಣಬೇಕು, ಹಣೆ, ಕಣ್ಣು, ಕಿವಿಯ ಬಳಿ ಎದ್ದಿದ್ದರಂತೂ ತಪ್ಪದೆ.) ಮಂತ್ರದಿಂದ ಕೆಡುಕೇನಿಲ್ಲ. ಒಡೆದ ಗುಳ್ಳೆಯ ಮೇಲಿನ ಮಣ್ಣಿನಿಂದ ಕೀವಾಗಬಹುದು. ಕಾಯುವುದರಿಂದ ಕಣ್ಣೇ ಹೋಗಬಹುದು. ಆ ಮಗನಿಗೆ ನಾನು ಹೇಳಿದ್ದಿಷ್ಟು: "ಹರಕೆ ಹೊತ್ತುಕೊಳ್ಳಿ, ಬೇಡ ಅನ್ನೋದಿಲ್ಲ. ಗುಣವಾದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ. ಮಾತ್ರೆ ಮಾತ್ರ ಇವತ್ತು ರಾತ್ರಿಯೇ ಶುರುವಾಗಲಿ."

ಮರುದಿನ ನೇತ್ರವೈದ್ಯರು ಪರೀಕ್ಷಿಸಿದಾಗ ಕಣ್ಣಿನ ಕರಿಗುಡ್ಡೆಯ ಮೇಲೆ ಆಗಲೇ ಹುಣ್ಣು ಆರಂಭವಾಗಿತ್ತು. ಚಿಕಿತ್ಸೆ ಫಲಿಸಿ ದೃಷ್ಟಿ ಉಳಿಯಿತು. ಗುಳ್ಳೆಗಳು ಹಕ್ಕಳೆ ಕಟ್ಟುವವರೆಗೆ ಬಸುರಿ ಸೊಸೆಯನ್ನು ಅವರಿಂದ ದೂರವಿರಿಸಿದರು. ಸೀತಾಳೆ ಸಿಡುಬು ಬರದಿದ್ದವರಿಗೆ ಗುಳ್ಳೆಯ ನೀರಿನಿಂದ ಅದು ತಗಲಬಹುದು.

ಎರಡು ತಿಂಗಳ ನಂತರ ಸುಬ್ರಹ್ಮಣ್ಯದ ಪ್ರಸಾದದೊಂದಿಗೆ ಆ ತಾಯಿ ಬಂದರು. 50 ವರ್ಷ ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ನಮ್ಮ ದೇಶದಲ್ಲಿ 2023ರಿಂದ ದೊರೆಯುತ್ತಿದೆ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಬೆಲೆ ದುಬಾರಿಯೇ. ಅದನ್ನು ತಮಗೂ ಹಾಕಿಸಬಹುದೇ ಎಂದು ಕೇಳಲು ಬಂದಿದ್ದರು.