ದಾರಿಗೆ ಬಿದ್ದ ಮರ: ಗರಗಸದ ಪಾಠ

ಉಚ್ಚಂಗಿದುರ್ಗದ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಬರೋ ಭಕ್ತರು ಬಹಳ. ಎಷ್ಟೋ ಜನ ಬರಿಗಾಲಲ್ಲೇ ಹತ್ತುತ್ತಾರೆ. ಜಾತ್ರೆಗೆ ಮುಂಚೆ ನಾವು ಏಳೆಂಟು ರೈತರು ಕಾಲುದಾರಿಗೆ ಬಾಗಿದ ಬಳ್ಳಾರಿ ಜಾಲಿ ಸವರಿ, ಬಿದ್ದ ಮರ ಕೊಯ್ದು ಸರಿಸುತ್ತೇವೆ. ನಿಂತ ಮರ ಮುಟ್ಟೋದಿಲ್ಲ. ಬಿದ್ದದ್ದಕ್ಕೂ ಅರಣ್ಯದವರನ್ನು ಕೇಳಿಯೇ ಗರಗಸ ಇಡೋದು.

ಕೊಡಲಿ ಎಲ್ಲರಿಗೂ ಗೊತ್ತು. ಇಬ್ಬರು ಎಳೆಯೋ ಗರಗಸ ಮಾತ್ರ ಕಲಿತೇ ಬರಬೇಕು. ನಮಗೆ ಕಲಿಸಿದ ಹಿರಿಯರ ಮೊದಲ ಮಾತು, “ಎಳೀರಪ್ಪಾ, ನೂಕಬ್ಯಾಡ್ರಿ.” ನೂಕಿದರೆ ಅಲಗು ಬಾಗುತ್ತದೆ.

ಕೊಯ್ಯುವ ಮುಂಚೆ ಮರದ ಭಾರ ಎಲ್ಲಿದೆ ನೋಡಿ. ಎರಡೂ ತುದಿ ಬಂಡೆ ಮೇಲೆ ಕೂತಿದ್ದರೆ ದಿಮ್ಮಿಯ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಅಡಿ ಜಗ್ಗಿರುತ್ತದೆ. ಮೇಲಿಂದಲೇ ಪೂರಾ ಕೊಯ್ಯಹೋದರೆ ಸೀಳು ಮುಚ್ಚಿ ಗರಗಸ ಹಿಡಿದುಬಿಡುತ್ತದೆ. ಮೇಲಿಂದ ಮೂರನೇ ಒಂದು ಪಾಲು, ಉಳಿದದ್ದು ಅಡಿಯಿಂದ. ಅಡಿಗೆ ಜಾಗವಿಲ್ಲವೇ? ಸೀಳಿಗೆ ಬೆಣೆ ಬಡಿದು ಮೇಲಿಂದಲೇ ಮುಂದುವರಿಸಿ. ಒಂದು ತುದಿ ಜೋತುಬಿದ್ದಿದ್ದರೆ ಲೆಕ್ಕ ಉಲ್ಟಾ: ಮೊದಲು ಅಡಿ, ಆಮೇಲೆ ಮೇಲೆ. ಇಲ್ಲದಿದ್ದರೆ ಮರ ಸಿಗಿದು ಹಾರೀತು.

ಇಳಿಜಾರಲ್ಲಿ ಕೊಯ್ತ ಮುಗಿಯೋ ಹೊತ್ತಿಗೆ ಕೆಳಗಿನವನು ಹಿಡಿ ಬಿಟ್ಟು ಪಕ್ಕಕ್ಕೆ ದೂರ ಸರಿಯಬೇಕು. ಕೊನೆ ಎಳೆತ ಮೇಲಿನವನೊಬ್ಬನದೇ. ದಿಮ್ಮಿ ಉರುಳಿದರೆ ಕಾಲು ಉಳಿಯೋದಿಲ್ಲ. ಕೆಳಗಿನ ತಿರುವಿನಲ್ಲಿ ಒಬ್ಬನನ್ನು ನಿಲ್ಲಿಸಿ, ಹತ್ತೋರನ್ನು ತಡೆಯಲಿ.

ಯಂತ್ರದ ಗರಗಸ ಇರುವಾಗ ಇದೇಕೆ ಅನ್ನಬಹುದು. ಅಮೆರಿಕದಲ್ಲಿ 1964ರ ಕಾಯ್ದೆಯಡಿ ಕಾದಿಟ್ಟ ಕಾಡುಗಳಲ್ಲಿ ಯಂತ್ರಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಅಲ್ಲಿ ಕಾಲುದಾರಿ ಕಾಯುವ ಸ್ವಯಂಸೇವಕರೂ ಇಂಥದೇ ಗರಗಸ ಕಲಿಯುತ್ತಾರೆ. ನಮಗಂತೂ ಪೆಟ್ರೋಲಿನ ಖರ್ಚು ಉಳಿಯಿತು.

ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರಬೇಕು. ಆಗಲೇ ಸೀಳು ಅಲಗಿಗಿಂತ ಅಗಲ ಬರುವುದು. ಅರ ಹಾಕೋದನ್ನು ಬಡಿಗೇರರಿಗೇ ಬಿಡಿ. ಕೆಲಸ ಮುಗಿದ ಮೇಲೆ ಅಂಟು ಒರೆಸಿ, ಎಣ್ಣೆ ಸವರಿ, ಹಲ್ಲಿಗೆ ಗೋಣಿ ಸುತ್ತಿ ಇಳಿಸಿ.