ರಸ್ತೆ ಕಾಣದ ಕಣಿವೆಯ ಕಾಫಿ ಬೆಳೆಗಾರರು
(ಅಧ್ಯಯನ ಲೇಖನ)

ಕಾಫಿ ಮತ್ತು ಅಡಿಕೆ ಎರಡೂ ಜನಜೀವನದಲ್ಲಿ ಬೆರೆತುಹೋದ ದೇಶಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಅಂಥವುಗಳಲ್ಲಿ ಪಪುವಾ ನ್ಯೂಗಿನಿ ಒಂದು. ಆಸ್ಟ್ರೇಲಿಯದ ಉತ್ತರಕ್ಕೆ, ಭೂಮಧ್ಯರೇಖೆಗೆ ಸ್ವಲ್ಪ ದಕ್ಷಿಣದಲ್ಲಿರುವ ಈ ದೇಶ 1975ರ ಸೆಪ್ಟೆಂಬರ್ 16ರಂದು ಸ್ವತಂತ್ರವಾಯಿತು. ಅಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ಜನರಲ್ಲಿ ಬಹುಪಾಲು ಹಳ್ಳಿಗಾಡಿನವರು. ರಾಜಧಾನಿ ಪೋರ್ಟ್ ಮೋರೆಸ್ಬಿಯಿಂದ ಕಾಫಿ ಬೆಳೆಯುವ ಎತ್ತರದ ನಾಡಿಗೆ ರಸ್ತೆ ಸಂಪರ್ಕವಿಲ್ಲ. ಲೇ ಎಂಬ ಬಂದರಿನಿಂದ ಗೊರೊಕಾ, ಮೌಂಟ್ ಹೇಗನ್ ಪೇಟೆಗಳಿಗೆ ಹತ್ತಿಹೋಗುವ ಒಂದು ಹೆದ್ದಾರಿಯೇ ಆ ನಾಡಿನ ಜೀವನಾಡಿ.

ಆ ಹೆದ್ದಾರಿಯೂ ತಲುಪದ ಊರಿನಲ್ಲಿ ಬೆಳೆಗಾರನ ಬದುಕು ಹೇಗಿರುತ್ತದೆ? ಮಾರುಕಟ್ಟೆಯ ಏರಿಳಿತ ಅವನನ್ನು ಹೇಗೆ ತಟ್ಟುತ್ತದೆ? ನಮ್ಮ ಸದಸ್ಯರಲ್ಲಿಯೂ ಮಳೆಗಾಲದಲ್ಲಿ ಹೊಳೆಯಾಚೆ ಉಳಿದುಬಿಡುವವರು, ತಲೆಹೊರೆಯಲ್ಲಿ ಫಸಲು ಸಾಗಿಸಿದವರು ಇದ್ದಾರೆ. ಆದ್ದರಿಂದ ಈ ವಿಷಯ ನಮಗೆ ತೀರ ಪರಕೀಯವಲ್ಲವೆಂದು ಭಾವಿಸಿ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತಿದ್ದೇವೆ.

ಬರುಯಾ ಜನರ ಕಣಿವೆ

ಪೂರ್ವ ಎತ್ತರನಾಡಿನ ಪ್ರಾಂತದಲ್ಲಿ ವೊನೆನಾರ ಮತ್ತು ಮರವಾಕ ಎಂಬ ಎರಡು ಕಣಿವೆಗಳಿವೆ. ಇಲ್ಲಿ ವಾಸಿಸುವ ಬರುಯಾ ಎಂಬ ಬುಡಕಟ್ಟಿನ ಜನರನ್ನು ನಾವು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಫ್ರಾನ್ಸಿನ ಮಾನವಶಾಸ್ತ್ರಜ್ಞ ಮೋರಿಸ್ ಗೊಡೆಲಿಯೆ 1967ರಿಂದ ಹಲವು ವರ್ಷ ಇವರ ನಡುವೆ ಇದ್ದು ಅಧ್ಯಯನ ಮಾಡಿದ್ದರಿಂದ ಇವರ ವಿಷಯ ಸಾಕಷ್ಟು ತಿಳಿದುಬಂದಿದೆ.

ಹಳ್ಳಿಗಳು ಕಡಿದಾದ ಇಳಿಜಾರುಗಳಲ್ಲಿ ಚದುರಿಕೊಂಡಿವೆ. ಹುಲ್ಲು ಹೊದೆಸಿದ ದುಂಡನೆಯ ಮನೆ, ನಡುವೆ ಬೆಂಕಿ. ಇದು ಹಳೆಯ ರೂಢಿ. ರಾತ್ರಿಯ ಚಳಿಗೆ ಬೆಂಕಿ ಬೇಕೇ ಬೇಕು. ಆದರೆ ಮುಚ್ಚಿದ ಮನೆಯೊಳಗಿನ ಹೊಗೆ ಎಳೆಯ ಮಕ್ಕಳ ಎದೆಗೆ ಕೇಡು. ಎತ್ತರನಾಡಿನಲ್ಲಿ ನ್ಯುಮೋನಿಯ ಬಹುಕಾಲದಿಂದ ಮಕ್ಕಳ ದೊಡ್ಡ ಶತ್ರು.

ಮುಖ್ಯ ಆಹಾರ ಸಿಹಿಗೆಣಸು. ಅದರ ಮೂಲ ಅಮೆರಿಕ ಖಂಡ. ನ್ಯೂಗಿನಿಯ ಬೆಟ್ಟಗಳಿಗೆ ಅದು ಬಂದು ಕೆಲವೇ ಶತಮಾನಗಳಾಗಿವೆ. ಅದಕ್ಕಿಂತ ಬಹು ಹಿಂದಿನಿಂದ ಕೆಸು ಮತ್ತು ಬಾಳೆ ಇವೆ. ಮೌಂಟ್ ಹೇಗನ್ ಸಮೀಪದ ಕುಕ್ ಎಂಬ ಜೌಗು ನೆಲದಲ್ಲಿ ಕನಿಷ್ಠ 7000 ವರ್ಷಗಳ ಹಿಂದಿನ ಬೇಸಾಯದ ಗುರುತುಗಳು, ಅನಂತರದ ಕಾಲದ ಬಸಿಗಾಲುವೆಗಳು ಕಂಡುಬಂದಿವೆ. 2008ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಲಾಯಿತು. ಈ ಜನರನ್ನು ‘ಕಾಡಿನವರು’ ಎಂದು ಸುಲಭವಾಗಿ ಕರೆದುಬಿಡುವವರು ಇದನ್ನು ನೆನಪಿಡಬೇಕು. ಅವರು ಜಗತ್ತಿನ ಅತಿ ಹಳೆಯ ಕೃಷಿಕರ ಸಾಲಿನವರು.

ಭೂಮಿ ಗೋತ್ರದ್ದು, ಅಂದರೆ ಒಂದೇ ಮೂಲದ ಕುಟುಂಬಗಳ ಗುಂಪಿನದು. ದೇಶದ ನೆಲದಲ್ಲಿ ಸುಮಾರು ಶೇಕಡಾ 97ರಷ್ಟು ಹೀಗೆ ವಾಡಿಕೆಯ ಹಕ್ಕಿನಲ್ಲಿಯೇ ಇದೆ. ಅದನ್ನು ಹೊರಗಿನವರಿಗೆ ಮಾರುವಂತಿಲ್ಲ. ಇದರಿಂದ ಎಂಥ ಬಡವನೂ ಭೂಹೀನನಾಗುವುದು ಅಪರೂಪ. ಆದರೆ ಜಮೀನನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯುವ ದಾರಿಯೂ ಇಲ್ಲ.

ಕಾಫಿಗೆ ಮೊದಲು ಉಪ್ಪು

ಕಾಫಿ ಬರುವ ಮುಂಚೆ ಬರುಯಾ ಜನರ ‘ವಾಣಿಜ್ಯ ಬೆಳೆ’ ಯಾವುದಾಗಿತ್ತು? ಉಪ್ಪು! ಸಮುದ್ರ ದೂರ. ಅವರು ಒಂದು ಬಗೆಯ ಜೊಂಡನ್ನು ಬೆಳೆಸಿ, ಕೊಯ್ದು ಒಣಗಿಸಿ ಸುಡುತ್ತಿದ್ದರು. ಬೂದಿಯನ್ನು ಸೋರೆಬುರುಡೆಗಳಲ್ಲಿ ತುಂಬಿ ನೀರು ಹಾಯಿಸಿ, ಬಸಿದ ಉಪ್ಪುನೀರನ್ನು ಒಲೆಯ ಮೇಲೆ ಕೆಲವು ದಿನ ಎಡೆಬಿಡದೆ ಇಂಗಿಸಿ ಅಚ್ಚು ಮಾಡುತ್ತಿದ್ದರು. ಇದರಲ್ಲಿ ಹೆಚ್ಚಾಗಿ ಇರುವುದು ಪೊಟ್ಯಾಸಿಯಂ ಲವಣ. ಇಂಗಿಸುವ ಕೆಲಸಕ್ಕೆ ನುರಿತ ಕುಶಲಿಗಳೇ ಬೇಕಾಗಿತ್ತು. ಈ ಅಚ್ಚುಗಳನ್ನು ನೆರೆಯ ಬುಡಕಟ್ಟುಗಳಿಗೆ ಒಯ್ದು ಕಲ್ಲಿನ ಕೊಡಲಿ, ನಾರಿನ ಹೊದಿಕೆ, ಹಕ್ಕಿಯ ಗರಿ ಮುಂತಾದವನ್ನು ತರುತ್ತಿದ್ದರು. ಉಪ್ಪೇ ಅವರ ನಾಣ್ಯವಾಗಿತ್ತು ಎಂದರೂ ಸಲ್ಲುತ್ತದೆ.

1951ರಲ್ಲಿ ಗಸ್ತು ಅಧಿಕಾರಿ ಜೇಮ್ಸ್ ಸಿಂಕ್ಲೇರ್ ಈ ಉಪ್ಪು ತಯಾರಕರನ್ನು ಹುಡುಕಿಕೊಂಡೇ ಕಣಿವೆಗೆ ಬಂದರು. 1960ರಲ್ಲಿ ವೊನೆನಾರದಲ್ಲಿ ಸರಕಾರದ ಠಾಣೆಯಾಯಿತು. ಅಂಗಡಿ ಉಪ್ಪು ಬಂತು, ನೋಟು ಬಂತು. ಹಳೆಯ ಉಪ್ಪು ಹಣದ ಸ್ಥಾನ ಕಳೆದುಕೊಂಡಿತು. ಯುವಕರು ಕರಾವಳಿಯ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೊರಟರು. ಊರಿನಲ್ಲಿ ಉಳಿದವರಿಗೆ ಹಣ ಕಾಣಲು ಕಾಫಿ ಮುಖ್ಯ ದಾರಿಯಾಯಿತು.

ಇದರಲ್ಲಿ ಒಂದು ವ್ಯತ್ಯಾಸವಿದೆ. ಉಪ್ಪಿನ ವಿನಿಮಯದ ದರವನ್ನು ತಯಾರಿಸಿದವನೂ ಕೊಳ್ಳುವವನೂ ಎದುರುಬದುರು ಕುಳಿತು ತೀರ್ಮಾನಿಸುತ್ತಿದ್ದರು. ಕಾಫಿಯ ದರ ಅವರು ಕಾಣದ ನ್ಯೂಯಾರ್ಕಿನಲ್ಲಿ ತೀರ್ಮಾನವಾಗುತ್ತದೆ.

ಬೆಟ್ಟದ ಕಾಫಿ

ದೇಶದ ಎತ್ತರನಾಡಿನಲ್ಲಿ ಬೆಳೆಯುವುದು ಅರೇಬಿಕಾ. ಐಯುರ ಎಂಬಲ್ಲಿ 1937ರಲ್ಲಿ ಸರಕಾರಿ ಪ್ರಯೋಗ ಕೇಂದ್ರ ಆರಂಭವಾಯಿತು. ಹಳ್ಳಿಗರಲ್ಲಿ ಕಾಫಿ ವ್ಯಾಪಕವಾಗಿ ಹರಡಿದ್ದು 1950ರ ದಶಕದಿಂದೀಚೆಗೆ. ಇಂದು ಬೆಳೆಯ ಬಹುದೊಡ್ಡ ಪಾಲು ಸಣ್ಣ ಹಿಡುವಳಿದಾರರದು. ಕೆಲವು ನೂರು ಗಿಡಗಳ ತುಂಡು ತೋಟಗಳೇ ಹೆಚ್ಚು. ನೆರಳಿಗೆ ನಮ್ಮ ಹಾಲುವಾಣ, ಸಿಲ್ವರ್ ಓಕ್‌ಗಳ ಜಾಗದಲ್ಲಿ ಅಲ್ಲಿ ಗಾಳಿಮರದ ಒಂದು ಜಾತಿಯನ್ನು ಬೆಳೆಸುತ್ತಾರೆ. ಇದು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುವ ಮರ; ಸೌದೆಗೂ ಬೇಲಿಗೂ ಆಗುತ್ತದೆ. ನಡುವೆ ಬಾಳೆ. ರಾಸಾಯನಿಕ ಗೊಬ್ಬರ ಹಾಕುವವರು ವಿರಳ.

ಹಣ್ಣನ್ನು ಕೈಪಲ್ಪರಿನಲ್ಲಿ ಸುಲಿದು, ಹುಳಿಯಿಸಿ, ತೊರೆಯ ನೀರಿನಲ್ಲಿ ತೊಳೆದು, ಟಾರ್ಪಾಲಿನ ಮೇಲೆ ಒಣಗಿಸಿ ಪಾರ್ಚ್‌ಮೆಂಟ್ ಮಾಡುತ್ತಾರೆ. ದೂರದ ಊರಿನವರಿಗೆ ಇದು ಅನಿವಾರ್ಯ. ಏಕೆಂದರೆ ಸುಮಾರು 5 ಕಿಲೊ ಹಣ್ಣು 1 ಕಿಲೊ ಒಣ ಪಾರ್ಚ್‌ಮೆಂಟ್ ಆಗುತ್ತದೆ. ಐದು ಹೊರೆಯ ಜಾಗದಲ್ಲಿ ಒಂದೇ ಹೊರೆ! ಆದರೆ ಮೋಡ ಕವಿದಿರುವ ಬೆಟ್ಟದಲ್ಲಿ ಒಣಗಿಸುವುದೇ ಕಷ್ಟ. ಅರೆ ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿ ವಿಮಾನಕ್ಕಾಗಿ ಕಾದರೆ ಬೂಸಲು ಹಿಡಿಯುತ್ತದೆ.

ಗಿಡಕ್ಕೆ ಬರುವ ಕಷ್ಟಗಳು ನಮಗೂ ಪರಿಚಿತ. 1986ರಲ್ಲಿ ಎಲೆ ತುಕ್ಕುರೋಗ ಎತ್ತರನಾಡನ್ನು ಹೊಕ್ಕಿತು. ಕಾಯಿಕೊರಕ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಪಪುವಾ ನ್ಯೂಗಿನಿಯಲ್ಲಿ ಅದು 2017ರಲ್ಲಿ ಕಾಣಿಸಿತು. ಉಳಿದ ಹಣ್ಣನ್ನು ಆರಿಸಿ ತೆಗೆಯುವುದು, ನೆಲಕ್ಕೆ ಬಿದ್ದ ಹಣ್ಣನ್ನು ಹೆಕ್ಕುವುದು ಈ ಹುಳುವಿಗೆ ಮುಖ್ಯ ಮದ್ದು. ಆದರೆ ದರವಿಲ್ಲದ ವರ್ಷ ಕೊಯ್ಲನ್ನೇ ಬಿಟ್ಟುಬಿಡುವ ದೂರದ ತೋಟದಲ್ಲಿ ಅದನ್ನು ಮಾಡುವವರು ಯಾರು?

ದಾರಿಯ ಖರ್ಚು ಎಂಬ ಲೆಕ್ಕ

ಮರವಾಕದಂತಹ ಊರಿನಿಂದ ಪೇಟೆಗೆ ಮುಖ್ಯ ಸಂಪರ್ಕ ಸಣ್ಣ ವಿಮಾನ. ಹುಲ್ಲಿನ ಓಡುದಾರಿಯವರೆಗೆ ಚೀಲವನ್ನು ಬೆನ್ನಮೇಲೆ ಹೊತ್ತು ತರಬೇಕು. ಅಲ್ಲಿಂದ ಕಿಲೊ ಲೆಕ್ಕದಲ್ಲಿ ಸಾಗಣೆ ಕೂಲಿ. ಹವೆ ಕೆಟ್ಟರೆ ವಿಮಾನವಿಲ್ಲ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಪೇಟೆಯಲ್ಲಿ ಪಾರ್ಚ್‌ಮೆಂಟಿನ ದರ 100 ಎಂದಿಟ್ಟುಕೊಳ್ಳಿ. ರಸ್ತೆಯ ಬದಿಯವನಿಗೆ ಸಾಗಣೆ ಖರ್ಚು 10, ಕಣಿವೆಯವನಿಗೆ 50 ಆಗಲಿ. ಮೊದಲನೆಯವನ ಕೈಗೆ 90, ಎರಡನೆಯವನಿಗೆ 50 ಸಿಗುತ್ತದೆ. ಈಗ ದರ 70ಕ್ಕೆ ಇಳಿಯಿತು ಎನ್ನಿ. ಸಾಗಣೆ ಖರ್ಚು ಇಳಿಯುವುದಿಲ್ಲ. ರಸ್ತೆ ಬದಿಯವನಿಗೆ 60, ಅಂದರೆ ಮೂರನೆಯ ಒಂದು ಪಾಲು ನಷ್ಟ. ಕಣಿವೆಯವನಿಗೆ ಉಳಿಯುವುದು 20. ಅವನ ಆದಾಯದಲ್ಲಿ ಶೇಕಡಾ 60 ಹೋಯಿತು. ಇಳಿದದ್ದು ಒಂದೇ ದರ, ಪೆಟ್ಟು ಸುಮಾರು ಎರಡರಷ್ಟು.

ಬ್ರೆಜಿಲ್ಲಿನಲ್ಲಿ 1975ರ ಜುಲೈಯಲ್ಲಿ ಬಿದ್ದ ಹಿಮದಿಂದ ಮರುವರ್ಷಗಳಲ್ಲಿ ಕಾಫಿ ದರ ಗಗನಕ್ಕೇರಿದಾಗ ಎತ್ತರನಾಡಿನಲ್ಲಿ ಹಣ ಹರಿಯಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದಾಗ ದರ ಕುಸಿಯಿತು. ಭಾರತದ ಬೆಳೆಗಾರರೂ ಆ ಏಟು ತಿಂದವರೇ. ಆದರೆ ವಿಮಾನದ ಕೂಲಿ ತೆರಬೇಕಾದವನಿಗೆ ಕೊಯ್ಯುವುದೇ ನಷ್ಟವಾಗುತ್ತದೆ. ತೋಟ ಕಳೆ ಹಿಡಿಯುತ್ತದೆ. ಇದನ್ನು ಸೋಮಾರಿತನವೆಂದು ದೂರುವ ಮುಂಚೆ ಮೇಲಿನ ಲೆಕ್ಕವನ್ನು ನೋಡುವುದು ನ್ಯಾಯ.

ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬಹುದು. ಒಳ್ಳೆಯ ಗುಣಮಟ್ಟಕ್ಕೆ 130 ದರ ಸಿಕ್ಕಿದರೆ ರಸ್ತೆ ಬದಿಯವನಿಗೆ 120, ಕಣಿವೆಯವನಿಗೆ 80. ಕಣಿವೆಯವನ ಗಳಿಕೆ ಶೇಕಡಾ 60 ಏರಿತು. ಹಾಗಾದರೆ ಗುಣಮಟ್ಟದಿಂದ ಹೆಚ್ಚು ಲಾಭವಾಗಬೇಕಾದದ್ದು ದೂರದವನಿಗೇ. ಆದರೆ ವ್ಯಾಪಾರಿ ಎಲ್ಲರ ಕಾಫಿಯನ್ನೂ ಒಂದೇ ರಾಶಿಗೆ ಸುರಿದರೆ ಆ ಲಾಭ ಇಲ್ಲವಾಗುತ್ತದೆ. ಬೇರೆ ಬೇರೆಯಾಗಿ ತೂಗಿ, ದರ್ಜೆ ಮಾಡಿ, ಬೇರೆಯಾಗಿಯೇ ಮಾರುವ ಕೆಲಸ ಒಬ್ಬಂಟಿಯಿಂದಾಗದು. ಒಕಾಪ ಕಡೆಯ ಸಣ್ಣ ಬೆಳೆಗಾರರು ಸಾವಯವ ಕಾಫಿಯ ಸಹಕಾರ ಸಂಘ ಕಟ್ಟಿಕೊಂಡು ಹೊರದೇಶಗಳ ನ್ಯಾಯಬೆಲೆಯ ಮಾರುಕಟ್ಟೆಯನ್ನು ತಲುಪಿದ್ದು ಈ ದಾರಿಯಲ್ಲಿ.

ಹೆಂಗಸರ ದುಡಿಮೆ

ಗೆಣಸಿನ ತೋಟ, ಹಂದಿ ಸಾಕಣೆ, ಸೌದೆ, ನೀರು, ಮಕ್ಕಳು. ಇವೆಲ್ಲ ಹೆಚ್ಚಾಗಿ ಹೆಂಗಸರ ಪಾಲಿನವು. ಇದರ ಮೇಲೆ ಕಾಫಿ ಕೊಯ್ಲು. ಗಿಡ ಗಂಡಸರ ಗೋತ್ರದ ನೆಲದಲ್ಲಿರುವುದರಿಂದ ಹಣ ಗಂಡಸರ ಕೈ ಸೇರುವುದೇ ವಾಡಿಕೆ. ದುಡಿದವಳಿಗೆ ಪಾಲು ಸಿಗದಿದ್ದರೆ ಅವಳು ಕಾಫಿಯನ್ನು ಬಿಟ್ಟು, ತಾನೇ ಮಾರಬಹುದಾದ ತರಕಾರಿಯತ್ತ ತಿರುಗುತ್ತಾಳೆ. ಹಣ್ಣು ಗಿಡದಲ್ಲೇ ಉದುರುತ್ತದೆ.

ಇದೇ ದೇಶದ ಪಶ್ಚಿಮ ನ್ಯೂ ಬ್ರಿಟನ್ ದ್ವೀಪಪ್ರಾಂತದಲ್ಲಿ, ತಾಳೆಎಣ್ಣೆಯ ತೋಟಗಳಲ್ಲಿ, 1997ರಲ್ಲಿ ಒಂದು ಹೊಸ ಕ್ರಮ ತಂದರು. ಉದುರಿದ ಬಿಡಿ ಹಣ್ಣು ಹೆಕ್ಕುವ ಹೆಂಗಸರಿಗೆ ಅವರದೇ ಹೆಸರಿನ ಪಾವತಿ ಚೀಟಿ ಕೊಟ್ಟರು. ಅಲ್ಲಿಯವರೆಗೆ ನೆಲದಲ್ಲೇ ಕೊಳೆಯುತ್ತಿದ್ದ ಹಣ್ಣು ಗಿರಣಿಗೆ ಬರತೊಡಗಿತು. ಮನೆಯ ಖರ್ಚಿಗೂ ಆಸರೆಯಾಯಿತು. ಹೊಸ ಗಿಡ ನೆಡದೆ, ಗೊಬ್ಬರ ಹಾಕದೆ ಆದ ಹೆಚ್ಚಳ ಇದು.

ಆರೋಗ್ಯ, ಶಾಲೆ, ಬರಗಾಲ

ರಸ್ತೆಯಿಲ್ಲದಿರುವುದು ಕಾಫಿಗೆ ಮಾತ್ರ ತೊಡಕಲ್ಲ. ಹೆರಿಗೆಯಲ್ಲಿ ತೊಂದರೆಯಾದ ಹೆಂಗಸನ್ನು ಕಂಬಳಿ ಕಟ್ಟಿದ ಕೋಲಿನ ಮೇಲೆ ಬೆಟ್ಟ ಇಳಿಸಿ ತರಬೇಕು. ಆಮೇಲೆ ವಿಮಾನ ಬಂದರೆ ಉಂಟು. ಹಳ್ಳಿಯ ಪ್ರಥಮ ಚಿಕಿತ್ಸಾ ಕೇಂದ್ರದಲ್ಲಿ ಒಬ್ಬ ಆರೋಗ್ಯ ಕಾರ್ಯಕರ್ತ ಇರಬೇಕು. ಔಷಧಿ ಮುಗಿದರೆ, ಸಂಬಳ ತರಲು ಅವನು ಪೇಟೆಗೆ ಹೋದರೆ, ಬಾಗಿಲು ಮುಚ್ಚುತ್ತದೆ. ಶಾಲೆಯ ಮೇಷ್ಟ್ರ ಸಂಗತಿಯೂ ಹೀಗೆಯೇ. ಕಾಫಿ ಹೊರಲು ಬರುವ ವಿಮಾನವೇ ಔಷಧಿ, ಪುಸ್ತಕ, ರೋಗಿಗಳನ್ನೂ ಹೊರುವುದರಿಂದ, ಕಾಫಿ ನಿಂತರೆ ವಿಮಾನಗಳ ಬರವೂ ತಗ್ಗುತ್ತದೆ. ಕಾಫಿಯ ಒಂದು ಚೀಲಕ್ಕೂ ಒಂದು ಹೆರಿಗೆಗೂ ಇರುವ ಸಂಬಂಧ ಇಷ್ಟು ಹತ್ತಿರದ್ದು.

1997ರಲ್ಲಿ, ಮತ್ತೆ 2015ರಲ್ಲಿ, ಎಲ್ ನಿನೊ ಕಾರಣದಿಂದ ಮಳೆ ಕೈಕೊಟ್ಟು, ಅತಿ ಎತ್ತರದ ಕಣಿವೆಗಳಲ್ಲಿ ಹಿಮ ಬಿದ್ದು ಗೆಣಸಿನ ಬಳ್ಳಿ ಸುಟ್ಟುಹೋಯಿತು. ಗೆಣಸನ್ನು ನೆಲದಿಂದ ಕಿತ್ತು ದಿನಬಳಕೆ ಮಾಡುವವರಿಗೆ ಕಣಜವೆಂಬುದಿಲ್ಲ. 1997ರಲ್ಲಿ ಆಸ್ಟ್ರೇಲಿಯದ ಸೇನಾ ವಿಮಾನಗಳು ದೂರದ ಊರುಗಳಿಗೆ ಆಹಾರ ಇಳಿಸಬೇಕಾಯಿತು.

ಅಡಿಕೆಯ ಮಾತು

ಅಡಿಕೆಯನ್ನು ಅಲ್ಲಿನ ಸಂಪರ್ಕ ಭಾಷೆಯಾದ ಟೋಕ್ ಪಿಸಿನ್‌ನಲ್ಲಿ ‘ಬುಆಯ್’ ಎನ್ನುತ್ತಾರೆ. ಚಳಿಯ ಎತ್ತರದಲ್ಲಿ ನಮ್ಮ ಜಾತಿಯ ಅಡಿಕೆ ಬಾರದು. ಕರಾವಳಿಯಿಂದ ಲಾರಿಗಳಲ್ಲಿ ಬರುತ್ತದೆ. ಅವರು ಹಸಿ ಎಳೆಯಡಿಕೆಯನ್ನೇ ಸುಲಿದು, ಎಲೆಗೆ ಬದಲು ವೀಳ್ಯದ ಜಾತಿಯ ಬಳ್ಳಿಯ ತೆನೆಯನ್ನು ಚಿಪ್ಪಿನ ಅಥವಾ ಹವಳದ ಸುಣ್ಣಕ್ಕೆ ಅದ್ದಿ ಮೆಲ್ಲುತ್ತಾರೆ. ಹಸಿ ಅಡಿಕೆ ಕೆಲವೇ ದಿನಗಳ ಸರಕು. ಒಣಗಿಸಿಟ್ಟು ಒಳ್ಳೆಯ ದರಕ್ಕೆ ಕಾಯುವ ಮಾತೇ ಇಲ್ಲ. ಚಾಲಿ ಮಾಡಿ ದಾಸ್ತಾನಿಡುವ ಪದ್ಧತಿ ಮತ್ತು 1973ರಲ್ಲಿ ದರ ಕುಸಿತದ ಕಾಲಕ್ಕೆ ಹುಟ್ಟಿದ ಕ್ಯಾಂಪ್ಕೊದಂತಹ ಸಂಸ್ಥೆಯ ಬೆಂಬಲ ನಮ್ಮ ಬೆಳೆಗಾರನಿಗೆ ಎಂಥ ಬಲವೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಬಹಳ ಹೆಚ್ಚು. ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಪೋರ್ಟ್ ಮೋರೆಸ್ಬಿ ನಗರದಲ್ಲಿ 2013ರಲ್ಲಿ ಮಾರಾಟ ನಿಷೇಧಿಸಿದರು. ಕಳ್ಳದಾರಿಯ ವ್ಯಾಪಾರ ನಿಲ್ಲಲಿಲ್ಲ, ಮುಂದೆ ನಿಷೇಧವನ್ನು ಸಡಿಲಿಸಬೇಕಾಯಿತು. ಬೆಳೆಗಾರರಾದ ನಾವು ಇದನ್ನು ಕೇಳಿಸಿಕೊಳ್ಳದವರಂತೆ ಇರಲಾಗದು. ಒಂದೇ ಬೆಳೆಯನ್ನು ನಂಬದೆ ತೋಟದಲ್ಲಿ ಕಾಳುಮೆಣಸು, ಕೊಕ್ಕೊ, ಬಾಳೆಗಳಿಗೆ ಜಾಗ ಕೊಡುವುದು ಇದಕ್ಕಾಗಿಯೂ ವಿವೇಕ.

ಸದಸ್ಯರ ಸಭೆಗಳಲ್ಲಿ ಚರ್ಚಿಸಬಹುದಾದ ಅಂಶಗಳು

1. ನಮ್ಮ ಸಂಘದ ಸದಸ್ಯರಲ್ಲಿ ಅತಿ ದೂರದವನಿಗೆ ಕಿಲೊ ಒಂದಕ್ಕೆ ಸಾಗಣೆ ಖರ್ಚು ಎಷ್ಟು ಬೀಳುತ್ತದೆ? ಅದನ್ನು ಬರೆದಿಟ್ಟಿದ್ದೇವೆಯೇ?

2. ಒಳ್ಳೆಯ ಮಾಲು ತಂದವನ ಕಾಫಿ, ಅಡಿಕೆಗಳನ್ನು ಬೇರೆಯಾಗಿ ದರ್ಜೆ ಮಾಡಿ ಅದಕ್ಕೆ ತಕ್ಕ ದರ ಕೊಡುತ್ತಿದ್ದೇವೆಯೇ?

3. ಕೊಯ್ಲು, ಸುಲಿತಗಳಲ್ಲಿ ದುಡಿಯುವ ಮನೆಯ ಹೆಂಗಸರಲ್ಲಿ ಎಷ್ಟು ಮಂದಿಯ ಹೆಸರು ಸಂಘದ ಪುಸ್ತಕದಲ್ಲಿದೆ?

4. ದರ ಕುಸಿದ ವರ್ಷ ಕೊಯ್ಲು ಬಿಟ್ಟುಹೋದ ತೋಟಗಳಿಂದ ಕಾಯಿಕೊರಕ ನೆರೆಯ ತೋಟಕ್ಕೆ ಹರಡದಂತೆ ಸಂಘವು ಏನು ಮಾಡಬಹುದು?

ಮೊದಲನೆಯ ಪ್ರಶ್ನೆಯ ಉತ್ತರವನ್ನು ಪ್ರತಿ ಶಾಖೆಯವರೂ ಲೆಕ್ಕ ಹಾಕಿ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.