ಬೆದರಿದ ಜೀವಕ್ಕೆ ಅಭಯ

ವಿಜಯನಗರದ ಕೃಷ್ಣದೇವರಾಯನ ಆಸ್ಥಾನದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರು ವಿರಳ. ಇಲಿಗಳ ಕಾಟವನ್ನು ತಡೆಯಲು ಅರಸನು ಮನೆಮನೆಗೂ ಒಂದು ಬೆಕ್ಕನ್ನೂ, ಅದಕ್ಕೆ ಹಾಲೆರೆಯಲು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡೊಡನೆ ಓಡತೊಡಗಿತು. ಹಸುವಿನ ಹಾಲೆಲ್ಲ ಮನೆಯವರಿಗೇ ಉಳಿಯಿತು. ಈ ಕಥೆಯನ್ನು ಕೇಳಿದವರೆಲ್ಲ ನಗುತ್ತಲೇ ಬಂದಿದ್ದಾರೆ. ಆದರೆ ಬೆಕ್ಕಿನ ಕಡೆಯಿಂದ ನೋಡಿದರೆ ಇದು ನಗುವ ಕಥೆಯಲ್ಲ. ನೋವನ್ನುಂಟುಮಾಡಲು ಒಂದು ಕ್ಷಣ ಸಾಕಾಯಿತು; ಅದರ ನೆನಪು ಮಾತ್ರ ಅಳಿಯದೆ ಉಳಿಯಿತು.

ಮೈಸೂರಿನ ಹಳೆಯ ವಠಾರವೊಂದನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲದ ಒಂದು ಸಂಜೆ ಚರಂಡಿಯ ಬದಿಯಲ್ಲಿ ಅವಿತಿದ್ದ ಬೆಕ್ಕಿಗೆ ಹುಡುಗರು ಕಲ್ಲೆಸೆಯುತ್ತಿದ್ದಾರೆ. ಅವರಿಗೆ ಚೆಲ್ಲಾಟ, ಅದಕ್ಕೆ ಪ್ರಾಣಸಂಕಟ. ಅವರನ್ನು ಗದರಿಸಿ ಓಡಿಸಿದ ಬಾಲಕನೊಬ್ಬ ಬೆಕ್ಕನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತರುತ್ತಾನೆ. ಬಿಟ್ಟ ತಕ್ಷಣ ಅದು ಮಂಚದ ಕೆಳಗೆ ನುಸುಳುತ್ತದೆ. ಎಳೆಯಲು ಕೈ ಚಾಚಿದರೆ ಕಿವಿಯನ್ನು ಚಪ್ಪಟೆ ಮಾಡಿ ಬುಸುಗುಟ್ಟುತ್ತದೆ.

"ಕಾಪಾಡಿದವನನ್ನೇ ಪರಚಲು ಬರುತ್ತದಲ್ಲ ಅಜ್ಜಿ!" ಎಂದು ಬಾಲಕ ಬೇಸರಪಡುತ್ತಾನೆ.

"ನೀನು ಕಾಪಾಡಿದೆ ಎಂದು ಅದಕ್ಕೆ ಹೇಳಿದವರು ಯಾರು ಮಗು? ಅದಕ್ಕೆ ಕಾಣುವುದು ನಿನ್ನ ಕೈ ಮಾತ್ರ. ಕಲ್ಲೆಸೆದದ್ದೂ ಒಂದು ಕೈಯೇ ಅಲ್ಲವೆ?" ಎನ್ನುತ್ತಾರೆ ಅಜ್ಜಿ.

ಈ ಮಾತಿಗೆ ಇಂದಿನ ವಿಜ್ಞಾನದ ಸಮ್ಮತಿಯೂ ಇದೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ ಮನುಷ್ಯರ ಮೃದುವಾದ ಸ್ಪರ್ಶವನ್ನು ಕಂಡ ಮರಿಗಳು ಸುಲಭವಾಗಿ ಒಗ್ಗಿಕೊಳ್ಳುತ್ತವೆ. ಆ ಅವಧಿಯಲ್ಲಿ ಬೀದಿಯನ್ನಷ್ಟೇ ಕಂಡ ಬೆಕ್ಕಿಗೆ ಮನುಷ್ಯನು ದೊಡ್ಡದೊಂದು ಬೇಟೆಯ ಪ್ರಾಣಿಯಂತೆಯೇ ತೋರುತ್ತಾನೆ. ಅದರ ಬುಸುಗುಟ್ಟುವಿಕೆ ಕೋಪವಲ್ಲ, ಭಯದ ಭಾಷೆ.

ಹೆದರಿದ ಬೆಕ್ಕಿಗೆ ಮೊದಲು ಬೇಕಾದುದು ಮುದ್ದಲ್ಲ, ಮರೆ. ನೆದರ್‌ಲ್ಯಾಂಡ್ಸಿನ ಯೂಟ್ರೆಕ್ಟ್ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಪೈಕಿ ಅಡಗಲು ಪೆಟ್ಟಿಗೆ ದೊರೆತವು ಉಳಿದವುಗಳಿಗಿಂತ ಬೇಗ ಶಾಂತವಾದುದು ಕಂಡುಬಂದಿತು. ಆದುದರಿಂದ ಸದ್ದಿಲ್ಲದ ಕೋಣೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಹಳೆಯ ಬಟ್ಟೆ, ಹತ್ತಿರದಲ್ಲಿ ನೀರು, ದೂರದ ಮೂಲೆಯಲ್ಲಿ ಮಲವಿಸರ್ಜನೆಗೆ ಮರಳಿನ ತಟ್ಟೆ, ಇಷ್ಟಿದ್ದರೆ ಸಾಕು. ಬೆಳೆದ ಅನೇಕ ಬೆಕ್ಕುಗಳಿಗೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ. ಉಪ್ಪಿಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು ಅದಕ್ಕಿಂತ ಮೇಲು.

ಆಹಾರವನ್ನು ದಿನವೂ ಅದೇ ವೇಳೆಗೆ, ಅದೇ ವ್ಯಕ್ತಿ ಇಡಬೇಕು. ಇಟ್ಟವನು ತುಸು ದೂರದಲ್ಲಿ ನೆಲದ ಮೇಲೆ ಕುಳಿತು ಪುಸ್ತಕ ಓದುತ್ತಿದ್ದರೂ ಆದೀತು. ಬೆಕ್ಕನ್ನು ದಿಟ್ಟಿಸಿ ನೋಡಬಾರದು. ನೆಟ್ಟ ನೋಟ ಅದಕ್ಕೆ ಬೆದರಿಕೆ. ಕಣ್ಣನ್ನು ಅರೆಮುಚ್ಚಿ ಮೆಲ್ಲಗೆ ತೆರೆಯುವುದು ಸ್ನೇಹದ ಸಂಜ್ಞೆ. ಹೀಗೆ ಮಾಡಿದ ಅಪರಿಚಿತರ ಬಳಿಗೆ ಬೆಕ್ಕುಗಳು ಹೆಚ್ಚು ಸಲೀಸಾಗಿ ಬರುತ್ತವೆ ಎಂಬುದನ್ನು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ತೋರಿಸಿದರು.

ಭಯವನ್ನು ಹಂತಹಂತವಾಗಿ ಕಳೆಯುವ ಈ ಕ್ರಮ ಮೈಸೂರಿಗೆ ಅಪರಿಚಿತವೇನೂ ಅಲ್ಲ. ದಸರೆಗೆಂದು ಕಾಡಿನ ಶಿಬಿರಗಳಿಂದ ಬರುವ ಆನೆಗಳನ್ನು ಜಂಬೂಸವಾರಿಗೆ ಮುನ್ನ ಫಿರಂಗಿಯ ಸದ್ದಿಗೆ ಒಗ್ಗಿಸುವ ತಾಲೀಮು ಅಲ್ಲಿ ನಡೆಯುತ್ತದೆ. ವಿಜಯದಶಮಿಯಂದು ಸಿಡಿಯುವ 21 ಸುತ್ತು ಕುಶಾಲತೋಪಿಗೆ ಅವು ಬೆಚ್ಚದಿರಲೆಂಬುದೇ ಇದರ ಉದ್ದೇಶ. ಹೊಸ ಆನೆಗೆ ಅನುಭವಿ ಆನೆಗಳ ಸಂಗಡವಿರುತ್ತದೆ. ಮಾವುತ, ಕಾವಾಡಿಗಳು ಪಕ್ಕದಲ್ಲಿದ್ದು ಧೈರ್ಯ ತುಂಬುತ್ತಾರೆ. ಅಷ್ಟು ದೊಡ್ಡ ಜೀವಕ್ಕೇ ಇಷ್ಟು ಸಿದ್ಧತೆ ಬೇಕಾದರೆ, ಅಂಗೈಯಗಲದ ಎದೆಯುಳ್ಳ ಬೆಕ್ಕಿಗೆ ಎಷ್ಟು ಬೇಡ?

ಕರುಣೆಯ ಜೊತೆಗೆ ಎಚ್ಚರವೂ ಇರಬೇಕು. ಬೀದಿಯ ಬೆಕ್ಕನ್ನು ಹಿರಿಯರ ನೆರವಿಲ್ಲದೆ ಹಿಡಿಯಬಾರದು. ಅದು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ರೋಗವು ಬೆಕ್ಕಿನಿಂದಲೂ ಹರಡಬಲ್ಲದು. ಬೆಕ್ಕಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸುವುದೂ ಅವಶ್ಯಕ.

ಜೀವಿಗಳಲ್ಲಿ ಅನುಕಂಪ ತೋರುವುದನ್ನು ಭಾರತದ ಸಂವಿಧಾನವು 1976ರ ತಿದ್ದುಪಡಿಯ ಮೂಲಕ ಪ್ರಜೆಗಳ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಆದರೆ ಅನುಕಂಪವೆಂದರೆ ಅಪ್ಪಿಕೊಳ್ಳುವುದಷ್ಟೇ ಅಲ್ಲ, ಕಾಯುವುದೂ ಅನುಕಂಪವೇ. ಕೆಲವು ಬೆಕ್ಕುಗಳು ಎಂದಿಗೂ ಮಡಿಲೇರಲಾರವು. ಮನುಷ್ಯನ ಎದುರಿನಲ್ಲಿ ನಡುಗದೆ ಉಂಡು ಮಲಗಿದರೆ ಅದೇ ಅವುಗಳ ದೊಡ್ಡ ಗೆಲುವು.

ವಠಾರದ ಆ ಬಾಲಕನೂ ಕಾಯಲು ಕಲಿಯುತ್ತಾನೆ. ವಾರಗಳು ಉರುಳುತ್ತವೆ. ಒಮ್ಮೆ ಹತ್ತಿರ ಬಂದ ಬೆಕ್ಕು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ಮತ್ತೆ ಪೆಟ್ಟಿಗೆಯನ್ನು ಸೇರುತ್ತದೆ. ಅವನು ಅದನ್ನು ಎಳೆಯುವುದಿಲ್ಲ. ಕೊನೆಗೊಂದು ಸಂಜೆ ಅದು ತಾನಾಗಿಯೇ ಬಂದು, ನೆಲದ ಮೇಲಿಟ್ಟ ಅವನ ಕೈಯನ್ನು ಮೂಸಿ, ತನ್ನ ಕೆನ್ನೆಯನ್ನು ಅದಕ್ಕೆ ಒರಸುತ್ತದೆ. ಬಾಲಕ ಕೈಯನ್ನು ಅಲುಗಿಸುವುದಿಲ್ಲ. ಕೈಯೆಂದರೆ ಕಲ್ಲಲ್ಲವೆಂಬುದನ್ನು ಬೆಕ್ಕು ಅಂದು ಅರಿಯುತ್ತದೆ; ಬಲವಂತದಿಂದ ಪಡೆಯಲಾಗದ ವಸ್ತುವೊಂದು ಲೋಕದಲ್ಲಿ ಇದೆಯೆಂಬುದನ್ನು ಬಾಲಕನೂ ಅರಿಯುತ್ತಾನೆ. ನಂಬಿಕೆಯೆಂಬುದು ಅದರ ಹೆಸರು.